ಕ್ಲೌಡ್‌ಗೆ ಹಾಕಿದ್ದೆಲ್ಲ ಲ್ಯಾಪ್‌ಟಾಪಿನಲ್ಲೂ ಕೂತಿದೆ, ಸಿ ಡ್ರೈವ್ ಕೆಂಪಾಗಿದೆ. ಹಳೇದನ್ನು ಡಿಲೀಟ್ ಮಾಡಬಹುದಾ?

ತಾಳಮದ್ದಳೆ_ಹೊನ್ನಾವರ

ಎಲ್ಲರಿಗೂ ನಮಸ್ಕಾರ. ನನ್ನದು 256 ಜಿಬಿ ಎಸ್‌ಎಸ್‌ಡಿ ಇರುವ ವಿಂಡೋಸ್ 11 ಲ್ಯಾಪ್‌ಟಾಪ್. ಯಕ್ಷಗಾನ, ತಾಳಮದ್ದಳೆ ಎಲ್ಲೇ ಇದ್ದರೂ ಹೋಗಿ ರೆಕಾರ್ಡ್ ಮಾಡಿ ಇಡುವುದು ನನ್ನ ಹವ್ಯಾಸ. ಆಫೀಸ್ ಚಂದಾದ ಜೊತೆ ಮೈಕ್ರೋಸಾಫ್ಟಿನ ಕ್ಲೌಡ್ ಆದ ಒನ್‌ಡ್ರೈವ್‌ನಲ್ಲಿ 1 ಟಿಬಿ ಜಾಗ ಸಿಕ್ಕಿತು. ಧಾರಾಳ ಇದೆಯಲ್ಲ ಅಂತ ವಿಡಿಯೊ, ಆಡಿಯೊ, ಪ್ರಸಂಗದ ಪಿಡಿಎಫ್ ಎಲ್ಲವನ್ನೂ ಲ್ಯಾಪ್‌ಟಾಪಿನ ಒನ್‌ಡ್ರೈವ್ ಫೋಲ್ಡರಿಗೇ ಹಾಕುತ್ತ ಬಂದಿದ್ದೇನೆ. ಈಗ ಸಿ ಡ್ರೈವ್‌ನ ಪಟ್ಟಿ ಕೆಂಪಾಗಿ 6 ಜಿಬಿ ಉಳಿದಿದೆ. ವಿಂಡೋಸ್ ಅಪ್‌ಡೇಟ್ ಜಾಗ ಸಾಲದು ಅಂತ ನಿಂತಿದೆ. ವಿಡಿಯೊ ಎಡಿಟ್ ಮಾಡಲು ಕೂತರಂತೂ ಒಂದು ಕ್ಲಿಕ್ಕಿಗೂ ಕಾಯಬೇಕು.

ಎಲ್ಲ ಹೇಗೂ ಕ್ಲೌಡ್‌ನಲ್ಲಿ ಇದೆ ತಾನೆ? ಹಾಗಾದರೆ ಲ್ಯಾಪ್‌ಟಾಪಿನಲ್ಲಿರುವ ಹಳೇ ವರ್ಷಗಳ ಫೋಲ್ಡರುಗಳನ್ನು ಡಿಲೀಟ್ ಮಾಡಿದರೆ ಆಯಿತಲ್ಲ? ಕೈ ಹಾಕುವ ಮುಂಚೆ ತಿಳಿದವರನ್ನು ಒಮ್ಮೆ ಕೇಳೋಣ ಅನಿಸಿತು.

ಧಾರವಾಡ_ಪೇಡೆ

ಸರ, ಮೊದ್ಲ ಡಿಲೀಟ್ ಬಟನ್ ಮ್ಯಾಲಿಂದ ಕೈ ತಗೀರಿ. ಆ ಫೋಲ್ಡರ್‌ನ್ಯಾಗ ಏನರ ಅಳಿಸಿದ್ರಿ ಅಂದ್ರ ಕ್ಲೌಡ್‌ನ್ಯಾಗೂ ಅಳಿಸ್ತೈತಿ, ಅದ ಖಾತೆ ಇರೋ ಬ್ಯಾರೆ ಕಂಪ್ಯೂಟರ್‌ನ್ಯಾಗೂ ಹೋಗ್ತೈತಿ. ಮಂದಿ ಕ್ಲೌಡ್ ಅಂದ್ರ ಅಟ್ಟ ಅನ್ಕೋತಾರ, ಮ್ಯಾಲ ಏರಿಸಿಟ್ರ ಪಡಸಾಲಿ ಖಾಲಿ ಆತು ಅಂತ. ಸಿಂಕ್ ಹಂಗಲ್ಲರಿ. ಎರಡೂ ಕಡೆ ಒಂದ ಥರ ಇಡೋದಷ್ಟ ಅದರ ಕೆಲಸ. ಇಲ್ಲಿ ತಗದ್ರ ಅಲ್ಲೂ ತಗೀತೈತಿ, ಹೇಳಿದ್ದು ಮಾಡ್ತೈತಿ ಪಾಪ.

ಕೀಲಿಮಣೆ

ಪೇಡೆ ಹೇಳಿದ್ದು ಸರಿ. ಸರ್, ನಿಮಗೆ ಬೇಕಿರುವುದು ಡಿಲೀಟ್ ಅಲ್ಲ, ‘ಫ್ರೀ ಅಪ್ ಸ್ಪೇಸ್’. ಒನ್‌ಡ್ರೈವ್ ಫೋಲ್ಡರಿನಲ್ಲಿರುವ ಯಾವುದೇ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಕೆಲವು ಸಲ ಮೆನುವಿನಲ್ಲಿ ಒನ್‌ಡ್ರೈವ್ ಎಂಬ ಸಾಲಿನ ಒಳಗೆ ಇರುತ್ತದೆ. ಅದನ್ನು ಒತ್ತಿದ ಮೇಲೂ ಫೈಲಿನ ಹೆಸರು, ದಿನಾಂಕ, ಗಾತ್ರ ಅಲ್ಲೇ ಕಾಣುತ್ತವೆ, ಒಳಗಿನ ಸರಕು ಮಾತ್ರ ಡಿಸ್ಕಿನಿಂದ ಹೋಗುತ್ತದೆ. ಮತ್ತೆ ತೆರೆದಾಗ ನೆಟ್‌ನಿಂದ ಇಳಿಯುತ್ತದೆ. ಫೈಲ್ಸ್ ಆನ್-ಡಿಮ್ಯಾಂಡ್ ಅಂತ ಇದರ ಹೆಸರು, 2017ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು.

ಆದರೆ ಅದನ್ನೂ ಈಗಲೇ ಒತ್ತಬೇಡಿ. ಮೊದಲು ನಿಮ್ಮಲ್ಲಿ ಏನಾಗಿದೆ ಅಂತ ಗೊತ್ತಾಗಬೇಕು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ಸ್ಟೇಟಸ್’ ಅಂತ ಒಂದು ಕಾಲಂ ಇರುತ್ತದೆ. ನೀಲಿ ಮೋಡ ಇದ್ದರೆ ಫೈಲ್ ಬರೀ ಕ್ಲೌಡ್‌ನಲ್ಲಿದೆ, ಇಲ್ಲಿ ಜಾಗ ತಿಂದಿಲ್ಲ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಎಂದೋ ತೆರೆದದ್ದು ಅಥವಾ ಇಲ್ಲೇ ಹುಟ್ಟಿದ್ದು, ಹಾಗಾಗಿ ಇಲ್ಲೂ ಇದೆ. ಪೂರ್ತಿ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ‘ಇದು ಯಾವಾಗಲೂ ಈ ಲ್ಯಾಪ್‌ಟಾಪಿನಲ್ಲೇ ಇರಲಿ’ ಅಂತ ಯಾರೋ ಹೇಳಿದ್ದಾರೆ. ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಎರಡು ಬಾಣ ಇದ್ದರೆ ಇನ್ನೂ ಅಪ್‌ಲೋಡ್ ಆಗಿಲ್ಲ.

ಆಮೇಲೆ ಒನ್‌ಡ್ರೈವ್ ಫೋಲ್ಡರಿನ ಪ್ರಾಪರ್ಟೀಸ್ ತೆರೆಯಿರಿ. ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಫೈಲುಗಳ ಒಟ್ಟು ಗಾತ್ರ, ಎರಡನೆಯದು ನಿಜವಾಗಿ ನಿಮ್ಮ ಡಿಸ್ಕಿನಲ್ಲಿ ಕೂತಿರುವುದು. ಎರಡನ್ನೂ ಇಲ್ಲಿ ಬರೆಯಿರಿ.

ತಾಳಮದ್ದಳೆ_ಹೊನ್ನಾವರ

ಸೈಜ್ 171 ಜಿಬಿ. ಸೈಜ್ ಆನ್ ಡಿಸ್ಕ್ 169 ಜಿಬಿ. ಗುರುತು ಹೆಚ್ಚು ಕಡಿಮೆ ಎಲ್ಲದಕ್ಕೂ ಪೂರ್ತಿ ಹಸಿರು ವೃತ್ತ. ಈ ತಿಂಗಳ ವಿಡಿಯೊ ಫೋಲ್ಡರಿಗೆ ಮಾತ್ರ ಬಾಣದ ಗುರುತು, ಅದು 14 ಜಿಬಿ ಇದೆ.

ಹಸಿರು ಯಾಕೆ ಅಂತ ಈಗ ತಿಳಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ನೆಟ್ ವಾರಗಟ್ಟಲೆ ಇರುವುದಿಲ್ಲ. ನೆಟ್ ಇಲ್ಲದಾಗಲೂ ಫೈಲ್ ಸಿಗಲಿ ಅಂತ ಅಕ್ಕನ ಮಗ ಬಂದಾಗ ಮೇಲಿನ ಫೋಲ್ಡರಿಗೇ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಹಾಕಿ ಹೋಗಿದ್ದ. ಆಗ ಇದ್ದದ್ದೇ ಸ್ವಲ್ಪ, ಸರಿಯಾಗಿಯೇ ಇತ್ತು.

ಕೀಲಿಮಣೆ

ಅಲ್ಲಿಗೆ ಗಂಟು ಬಿಚ್ಚಿತು. ಮೇಲಿನ ಫೋಲ್ಡರಿಗೆ ಹಾಗೆ ಹಾಕಿದರೆ ಒಳಗೆ ಮುಂದೆ ಬರುವುದಕ್ಕೂ ಅದೇ ಅನ್ವಯ. ನೀವು ಫೋನಿನಿಂದ ಏರಿಸಿದ್ದೂ ಲ್ಯಾಪ್‌ಟಾಪಿಗೆ ಇಳಿಯುತ್ತದೆ, ಬೇರೆ ಕಂಪ್ಯೂಟರಿನಲ್ಲಿ ಸೇರಿಸಿದ್ದೂ ಇಳಿಯುತ್ತದೆ. 1 ಟಿಬಿ ಖಾತೆಯನ್ನು 256 ಜಿಬಿ ಡಿಸ್ಕಿನೊಳಗೆ ಪೂರ್ತಿ ಇಳಿಸಲು ಹೊರಟರೆ ಇವತ್ತಲ್ಲ ನಾಳೆ ತುಂಬಲೇಬೇಕು.

ಸಹನಾ_ಲೆಕ್ಕ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದೂ 256 ಜಿಬಿ ಅಂತಲೇ ಕೊಟ್ಟದ್ದು, ಆದರೆ ವಿಂಡೋಸ್‌ನಲ್ಲಿ ಒಟ್ಟು 238 ಅಂತ ತೋರಿಸುತ್ತೆ. ಉಳಿದ 18 ಎಲ್ಲಿ ಹೋಯ್ತು? ಅಂಗಡಿಯವರು ಟೋಪಿ ಹಾಕಿದ್ರಾ?

ಕೀಲಿಮಣೆ

ಇಲ್ಲ ಮೇಡಂ. ಡಿಸ್ಕ್ ತಯಾರಿಸುವವರು ಒಂದು ಜಿಬಿಗೆ 100 ಕೋಟಿ ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸಿ ಅದನ್ನೂ ಜಿಬಿ ಅಂತಲೇ ಬರೆಯುತ್ತದೆ. 256 ಅಲ್ಲಿ 238 ಆಗುತ್ತದೆ, 512 ಇದ್ದರೆ 476. ಯಾರೂ ಕದ್ದಿಲ್ಲ.

ಕುಡ್ಲದ_ಕ್ಯಾಮೆರಾ

ನಾನು ಮದುವೆ ಫೋಟೊ, ವಿಡಿಯೊ ಮಾಡುವವ. ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ ಮಾರಾಯ್ರೆ. ನೀವೆಲ್ಲ ‘ಫ್ರೀ ಅಪ್ ಸ್ಪೇಸ್’ ಒತ್ತಿ ಒತ್ತಿ ಅಂತ ಹೇಳ್ತಾ ಇದ್ದೀರಿ. ಒತ್ತಿದ ಮೇಲೆ ಆ ವಿಡಿಯೊದ ಪ್ರತಿ ಎಷ್ಟು ಉಂಟು? ಒಂದೇ. ಅದೂ ನಮ್ಮ ಕೈಯಲ್ಲಿ ಇಲ್ಲ, ಎಲ್ಲಿಯೋ ಇರುವ ಸರ್ವರ್‌ನಲ್ಲಿ. ಮುಂಚೆ ಎರಡು ಇತ್ತು, ಈಗ ಒಂದಾಯ್ತು. ಜಾಗ ಸಿಕ್ಕಿತು ಅಂತ ಖುಷಿ ಪಡುವುದಾ?

ಒಂದು 1 ಟಿಬಿ ಹಾರ್ಡ್ ಡಿಸ್ಕ್ ತಗೊಳ್ಳಿ, ಎಲ್ಲ ಅದಕ್ಕೆ ಹಾಕಿ, ಕ್ಲೌಡ್ ಬಿಟ್ಟುಬಿಡಿ. ತಲೆಬಿಸಿ ಇಲ್ಲ.

ಧಾರವಾಡ_ಪೇಡೆ

ಹಾರ್ಡ್ ಡಿಸ್ಕ್ ಮೇಜಿನ ಮ್ಯಾಲಿಂದ ಬಿದ್ರ ಏನ್ ಮಾಡ್ತೀರಿ ಅಣ್ಣಾರ? ಅದೂ ಒಂದ ಪ್ರತಿನ. ಮತ್ತ ಕರಾವಳಿ ಹವಾ, ಫಂಗಸ್ಸು, ಸಿಡಿಲು. ಕ್ಲೌಡ್ ಬಿಡ್ರಿ ಅನ್ನೋದು ನನಗ ಒಪ್ಪಿಗಿಲ್ಲ.

ಕುಡ್ಲದ_ಕ್ಯಾಮೆರಾ

ನಾನು ಎರಡು ಡಿಸ್ಕ್ ಇಡ್ತೇನೆ. ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯಲ್ಲಿ.

ಕೀಲಿಮಣೆ

ಇಬ್ಬರೂ ಹೇಳುತ್ತಿರುವುದು ಒಂದನ್ನೇ ಅಂತ ನನಗೆ ಕಾಣುತ್ತದೆ. ಛಾಯಾಗ್ರಾಹಕರ ವಲಯದಲ್ಲಿ 3-2-1 ಅಂತ ಒಂದು ಲೆಕ್ಕ ಇದೆ, ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯ ಮಾಡಿದ್ದು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಕ್ಲೌಡ್ ಆ ಬೇರೆ ಊರಿನ ಪ್ರತಿ ಆಗಬಹುದು, ಹಾರ್ಡ್ ಡಿಸ್ಕ್ ಮನೆಯ ಪ್ರತಿ. ಇದ್ದರೆ ಎರಡೂ ಇರಲಿ.

ಹೊನ್ನಾವರದ ಸರ್‌ಗೆ ಇದರಲ್ಲಿ ಮುಖ್ಯವಾಗಿ ಬೇಕಾದ್ದು ಕೆಲಸದ ಕ್ರಮ. ಈಗ ನಿಮ್ಮ 171 ಜಿಬಿ ಹೆಚ್ಚು ಕಡಿಮೆ ಪೂರ್ತಿ ಲ್ಯಾಪ್‌ಟಾಪಿನಲ್ಲೇ ಇದೆ. ಇವತ್ತೇ ಒಂದು ಯುಎಸ್‌ಬಿ 3 ಹಾರ್ಡ್ ಡಿಸ್ಕಿಗೆ ಕಾಪಿ ಹೊಡೆದರೆ ಅರ್ಧ ಗಂಟೆಯಿಂದ ಒಂದು ಗಂಟೆಯ ಕೆಲಸ. ಮೊದಲು ಜಾಗ ಖಾಲಿ ಮಾಡಿ, ಆಮೇಲೆ ಎಂದೋ ‘ಅಯ್ಯೋ, ಡಿಸ್ಕಿಗೂ ಒಂದು ಪ್ರತಿ ಹಾಕಬೇಕಿತ್ತು’ ಅನ್ನಿಸಿದರೆ ಅಷ್ಟನ್ನೂ ಮತ್ತೆ ನೆಟ್‌ನಿಂದ ಇಳಿಸಬೇಕು. 30 ಎಂಬಿಪಿಎಸ್ ಸಂಪರ್ಕದಲ್ಲಿ ಉದಾಹರಣೆಗೆ 130 ಜಿಬಿ ಇಳಿಯಲು ನಡುವೆ ಒಂದು ಸಲವೂ ಕಡಿಯದಿದ್ದರೆ ಸುಮಾರು 10 ಗಂಟೆ ಬೇಕು. ಕಡಿಯದಿದ್ದರೆ! ಅದನ್ನು ಇಳಿಸಿಕೊಳ್ಳಲು ಸಿ ಡ್ರೈವ್‌ನಲ್ಲಿ ಜಾಗ ಬೇರೆ ಬೇಕು. ಜಾಗ ಮಾಡಿಕೊಳ್ಳುವ ಲೇಖನಗಳಲ್ಲಿ ಇದನ್ನು ಯಾಕೋ ಯಾರೂ ಮೊದಲು ಹೇಳುವುದಿಲ್ಲ. ಹಾಗಾಗಿ ಮೊದಲು ಡಿಸ್ಕಿಗೆ ಕಾಪಿ, ಆಮೇಲೆ ಅಪ್‌ಲೋಡ್ ಮುಗಿಯಿತಾ ಅಂತ ಪರೀಕ್ಷೆ, ಕೊನೆಗೆ ‘ಫ್ರೀ ಅಪ್ ಸ್ಪೇಸ್’.

ತಾಳಮದ್ದಳೆ_ಹೊನ್ನಾವರ

ಅರ್ಥವಾಯಿತು. ಮನೆಯಲ್ಲಿ 64 ಜಿಬಿ ಪೆನ್ ಡ್ರೈವ್ ಎರಡು ಇವೆ, ಸದ್ಯಕ್ಕೆ ಅದರಲ್ಲಿ ಸಾಧ್ಯವೇ? ಒಂದು ರಾತ್ರಿಯ ವಿಡಿಯೊ ಹಾಕಲು ನೋಡಿದೆ, ಪೆನ್ ಡ್ರೈವ್ ಖಾಲಿ ಇದ್ದರೂ ಫೈಲ್ ದೊಡ್ಡದಾಯಿತು ಅನ್ನುತ್ತದೆ.

ಇನ್ನೊಂದು: ಹೊಸ ಡಿಸ್ಕ್ ತಂದರೆ ಒನ್‌ಡ್ರೈವ್ ಫೋಲ್ಡರನ್ನೇ ಪೂರ್ತಿ ಅದಕ್ಕೆ ವರ್ಗ ಮಾಡಿದರೆ ಹೇಗೆ?

ಕುಡ್ಲದ_ಕ್ಯಾಮೆರಾ

ಪೆನ್ ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಇರಬೇಕು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದ್ರೆ ಆಗ್ತದೆ. ಆದ್ರೆ ಬಹಳ ಕಾಲ ಇಡುವ ಸರಕಿಗೆ ಪೆನ್ ಡ್ರೈವ್ ನಂಬಬೇಡಿ. ಕೊಂಡುಹೋಗಿ ಕೊಡಲಿಕ್ಕೆ ಮಾತ್ರ ಅದು.

ಕಾಪಿ ಆದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲ್ ಎಷ್ಟು, ಬೈಟ್ ಎಷ್ಟು ಅಂತ ತಾಳೆ ನೋಡಿ. ಮತ್ತೆ ನಾಲ್ಕೈದು ವಿಡಿಯೊ ಡಿಸ್ಕಿನಿಂದಲೇ ತೆರೆದು ಕೊನೆಯ ಭಾಗಕ್ಕೆ ಓಡಿಸಿ. ಅರ್ಧಕ್ಕೆ ನಿಂತ ಕಾಪಿ ಶುರುವಿನಲ್ಲಿ ಚೆಂದ ಓಡ್ತದೆ, ಕೊನೆಯಲ್ಲಿ ಗೊತ್ತಾಗುವುದು.

ಕೀಲಿಮಣೆ

ಎರಡನೇ ಪ್ರಶ್ನೆಗೆ: ಬೇಡ. ಸಿಂಕ್ ಫೋಲ್ಡರ್ ಯಾವಾಗಲೂ ಜೊತೆಗಿರುವ ಡ್ರೈವ್‌ನಲ್ಲಿ ಇರಬೇಕು, ಬಿಚ್ಚಿ ತೆಗೆಯುವ ಡಿಸ್ಕಿನಲ್ಲಿ ಅಲ್ಲ. ಡಿಸ್ಕ್ ತೆಗೆದ ಕೂಡಲೇ ಫೋಲ್ಡರ್ ಕಾಣುತ್ತಿಲ್ಲ ಅಂತ ಒನ್‌ಡ್ರೈವ್ ತಕರಾರು ತೆಗೆಯುತ್ತದೆ. ಅದೂ ಅಲ್ಲದೆ ಆ ಡ್ರೈವ್ ಎನ್‌ಟಿಎಫ್‌ಎಸ್ ಆಗಿರಲೇಬೇಕು. ಲ್ಯಾಪ್‌ಟಾಪಿನ ಒಳಗೇ ಎರಡನೇ ಎಸ್‌ಎಸ್‌ಡಿ ಕೂರಿಸಲು ಜಾಗ ಇದ್ದರೆ ಮಾತ್ರ ಮಾತು ಬೇರೆ. ಆಗ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಲಿಂಕ್ ದಿಸ್ ಪಿಸಿ’ ಮಾಡಿ, ಫೋಲ್ಡರನ್ನು ಹೊಸ ಡ್ರೈವಿಗೆ ಸರಿಸಿ, ಮತ್ತೆ ಲಾಗಿನ್ ಆಗುವಾಗ ಆ ಹೊಸ ಜಾಗ ತೋರಿಸಬೇಕು. ಒಂದೇ ಡಿಸ್ಕನ್ನು ಸಿ, ಡಿ ಅಂತ ಭಾಗ ಮಾಡಿದ್ದರೆ ಡಿಗೆ ಸರಿಸುವುದರಿಂದ ಹೆಚ್ಚೇನೂ ದಕ್ಕುವುದಿಲ್ಲ.

ಇನ್ನೊಂದು ಎಚ್ಚರ. ಒನ್‌ಡ್ರೈವ್ ಫೋಲ್ಡರಿನಿಂದ ಹೊರಗೆ ‘ಕಟ್-ಪೇಸ್ಟ್’ ಮಾಡಿದರೆ ಕ್ಲೌಡ್‌ನ ಲೆಕ್ಕದಲ್ಲಿ ಅದು ಡಿಲೀಟ್ ಆದಂತೆಯೇ. ಹಾರ್ಡ್ ಡಿಸ್ಕಿಗೆ ಹಾಕುವಾಗ ‘ಕಾಪಿ’ ಮಾತ್ರ ಮಾಡಿ.

ನಂಜನಗೂಡಿನವ_ನ್ಯೂಜೆರ್ಸಿ

ಮ್ಯಾಕ್‌ನವರಿಗೂ ಸ್ವಲ್ಪ ಜಾಗ ಕೊಡಿ ಇಲ್ಲಿ. ಅಮ್ಮ ಊರಿನಿಂದ ಕಳಿಸುವ ಫೋಟೊ, ಮಕ್ಕಳ ವಿಡಿಯೊ ಎಲ್ಲ ಐಕ್ಲೌಡ್‌ನಲ್ಲಿದೆ. ‘ಆಪ್ಟಿಮೈಜ್ ಮ್ಯಾಕ್ ಸ್ಟೋರೇಜ್’ ಆನ್ ಇದೆ. ಡೌನ್‌ಲೋಡ್ಸ್‌ನಲ್ಲಿದ್ದ ದೊಡ್ಡ ದೊಡ್ಡ ಫೈಲ್ ತೆಗೆದು ಟ್ರ್ಯಾಶ್ ಕೂಡ ಖಾಲಿ ಮಾಡಿದೆ, ಖಾಲಿ ಜಾಗ ಮಾತ್ರ ಒಂದಿಷ್ಟೂ ಏರಲಿಲ್ಲ. ಇದೇನು ಮಾಯೆ?

ಕೀಲಿಮಣೆ

ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆ ಟೈಮ್ ಮಷೀನ್ ಬಳಸುತ್ತೀರಾ? ಬಳಸುತ್ತಿದ್ದರೆ ಅದು ಲ್ಯಾಪ್‌ಟಾಪಿನ ಒಳಗೇ ‘ಲೋಕಲ್ ಸ್ನ್ಯಾಪ್‌ಶಾಟ್’, ಅಂದರೆ ಆ ಹೊತ್ತಿನಲ್ಲಿ ಡಿಸ್ಕ್ ಇದ್ದ ಸ್ಥಿತಿಯ ನಕಲು, ಇಟ್ಟುಕೊಳ್ಳುತ್ತದೆ. ನೀವು ಅಳಿಸಿದ ಫೈಲ್ ಆ ಸ್ನ್ಯಾಪ್‌ಶಾಟ್‌ನಲ್ಲಿ ಇರುವವರೆಗೆ ಜಾಗ ಬಿಡುಗಡೆ ಆಗುವುದಿಲ್ಲ. ಸಾಮಾನ್ಯವಾಗಿ 24 ಗಂಟೆಯಲ್ಲಿ ಅವು ತಾವಾಗಿ ಹೋಗುತ್ತವೆ. ಅವಸರ ಇದ್ದರೆ ಡಿಸ್ಕ್ ಯುಟಿಲಿಟಿಯಲ್ಲಿ ‘ಶೋ ಎಪಿಎಫ್‌ಎಸ್ ಸ್ನ್ಯಾಪ್‌ಶಾಟ್ಸ್’ ನೋಡಿ.

‘ಆಪ್ಟಿಮೈಜ್’ ಆನ್ ಇದ್ದರೂ ಮ್ಯಾಕ್ ತನಗೆ ಜಾಗ ಬೇಕು ಅನ್ನಿಸಿದಾಗಷ್ಟೇ ಹಳೇ ಫೈಲುಗಳನ್ನು ಕ್ಲೌಡ್‌ಗೆ ಬಿಟ್ಟುಕೊಡುತ್ತದೆ, ಅಲ್ಲಿವರೆಗೆ ಸುಮ್ಮನಿರುತ್ತದೆ. ಈಗಲೇ ಬೇಕಿದ್ದರೆ ಫೈಂಡರ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಮೂವ್ ಡೌನ್‌ಲೋಡ್’. ಇಲ್ಲೂ ಡಿಲೀಟ್ ಬೇರೆ, ಅದು ಬೇರೆ. ಫೋಟೋಸ್ ಆ್ಯಪ್‌ಗೆ ಇದೇ ಹೆಸರಿನ ಸೆಟ್ಟಿಂಗ್ ಪ್ರತ್ಯೇಕವಾಗಿ ಇದೆ, ಐಕ್ಲೌಡ್ ಡ್ರೈವ್‌ನಲ್ಲಿ ಆನ್ ಮಾಡಿದರೆ ಅಲ್ಲಿಯೂ ಆನ್ ಆಗಿರುತ್ತದೆ ಅಂದುಕೊಳ್ಳಬೇಡಿ.

ನಂಜನಗೂಡಿನವ_ನ್ಯೂಜೆರ್ಸಿ

ಫೋಟೋಸ್‌ನಲ್ಲಿ ‘ಡೌನ್‌ಲೋಡ್ ಒರಿಜಿನಲ್ಸ್’ ಅಂತ ಇತ್ತು! ಬದಲಾಯಿಸಿದೆ. ಥ್ಯಾಂಕ್ಸ್ ಗುರುಗಳೇ.

ಸಹನಾ_ಲೆಕ್ಕ

ನನ್ನದು ಗೂಗಲ್ ಡ್ರೈವ್. ತುಮಕೂರಿನಲ್ಲಿ ಜಿಎಸ್‌ಟಿ, ಆಡಿಟ್ ಕೆಲಸ. ‘ಸ್ಟ್ರೀಮ್’ ಮೋಡ್‌ನಲ್ಲೇ ಇಟ್ಟಿದೀನಿ, ಅಂದ್ರೆ ಲ್ಯಾಪ್‌ಟಾಪಲ್ಲಿ ಜಾಗ ತಿನ್ನಬಾರದು ಅಲ್ವಾ? ಆದರೂ ಸಿ ಡ್ರೈವ್ ತುಂಬ್ತಾನೇ ಇದೆ. ಯಾವ ಫೋಲ್ಡರ್ ಅಂತಾನೂ ಗೊತ್ತಾಗ್ತಿಲ್ಲ.

ಧಾರವಾಡ_ಪೇಡೆ

ಅಕ್ಕಾರ, ಊಹಾ ಮಾಡಕೊಂತ ಕೂಡೋದ್ರಾಗ ಅರ್ಥ ಇಲ್ಲ. ವಿಜ್‌ಟ್ರೀ ಅಂತ ಒಂದು ತಂತ್ರಾಂಶ ಐತಿ, ಮನಿ ಬಳಕೆಗೆ ಪುಕ್ಕಟ. ಡಿಸ್ಕಿನ ಸೂಚಿಯನ್ನ ನೇರ ಓದ್ತೈತಿ, ಹಂಗಾಗಿ ಕಣ್ಣ ಮಿಟುಕಿಸೋದ್ರಾಗ ಯಾವ ಫೋಲ್ಡರ್ ಎಷ್ಟು ತಿಂದೈತಿ ಅಂತ ತೋರಸ್ತೈತಿ. ಒಂದ ಮಾತ್ರ ನೆನಪಿಟ್ಕೋರಿ. ಅದರಾಗ ‘ಸೈಜ್’ ನೋಡಬ್ಯಾಡ್ರಿ, ‘ಅಲೊಕೇಟೆಡ್’ ಕಾಲಂ ನೋಡ್ರಿ. ಬರೀ ಕ್ಲೌಡ್‌ನ್ಯಾಗಿರೋ ಫೈಲನ್ನೂ ಸೈಜ್‌ನ್ಯಾಗ ಪೂರ್ತಿ ಎಣಿಸ್ತೈತಿ.

ಸಹನಾ_ಲೆಕ್ಕ

ಹಾಕಿ ನೋಡಿದೆ. ಮೊದಲ ಸ್ಥಾನ ಆಪ್‌ಡೇಟಾ ಒಳಗೆ ಗೂಗಲ್, ಅದರೊಳಗೆ ಡ್ರೈವ್‌ಎಫ್‌ಎಸ್ ಅಂತ ಫೋಲ್ಡರ್, 38 ಜಿಬಿ. ಎರಡನೆಯದು ಔಟ್‌ಲುಕ್‌ನ ಒಎಸ್‌ಟಿ ಫೈಲ್, 22 ಜಿಬಿ. ಮೂರನೆಯದು ಡೌನ್‌ಲೋಡ್ಸ್‌ನಲ್ಲಿ ಗೂಗಲ್‌ನಿಂದ ಇಳಿಸಿಕೊಂಡ ಹಳೇ ಟೇಕ್‌ಔಟ್ ಜಿಪ್‌ಗಳು. ಡ್ರೈವ್‌ಎಫ್‌ಎಸ್ ಫೋಲ್ಡರ್ ಅಳಿಸಿಬಿಡ್ಲಾ?

ಕೀಲಿಮಣೆ

ಅಳಿಸಬೇಡಿ ಮೇಡಂ. ಅದು ಗೂಗಲ್ ಡ್ರೈವ್‌ನ ಕ್ಯಾಶೆ. ಸ್ಟ್ರೀಮ್ ಮೋಡ್‌ನಲ್ಲಿ ನೀವು ತೆರೆದ ಫೈಲುಗಳು, ‘ಆಫ್‌ಲೈನ್‌ನಲ್ಲೂ ಸಿಗಲಿ’ ಅಂತ ಗುರುತು ಹಾಕಿದವು, ಇನ್ನೂ ಮೇಲೆ ಏರದೆ ಕಾಯುತ್ತಿರುವವು ಎಲ್ಲ ಅದರಲ್ಲೇ ಇರುತ್ತವೆ. ಆ ಮೂರನೇ ಗುಂಪಿನದು ಬೇರೆಲ್ಲೂ ಇರುವುದಿಲ್ಲ. ಫೋಲ್ಡರನ್ನು ಕೈಯಾರೆ ಅಳಿಸಿದರೆ ಅವು ಹೋದವು ಅಂತಲೇ ಲೆಕ್ಕ.

ಸರಿಯಾದ ದಾರಿ ಹೀಗೆ. ಟಾಸ್ಕ್‌ಬಾರ್‌ನ ಡ್ರೈವ್ ಐಕಾನ್ ಒತ್ತಿ ಸಿಂಕ್ ಪೂರ್ತಿ ಆಗಿದೆಯಾ ನೋಡಿ. ಆಮೇಲೆ ಆಫ್‌ಲೈನ್ ಗುರುತು ಹಾಕಿರುವ ಕ್ಲೈಂಟ್ ಫೋಲ್ಡರುಗಳಲ್ಲಿ ಈಗ ಬೇಡದವನ್ನು ‘ಆನ್‌ಲೈನ್ ಓನ್ಲಿ’ ಮಾಡಿ. ನನಗೆ ಅನುಮಾನ ಇರುವುದು ಅಲ್ಲೇ: ಹಿಂದಿನ ವರ್ಷಗಳ ಫೋಲ್ಡರುಗಳಿಗೆಲ್ಲ ಆಫ್‌ಲೈನ್ ಹಾಕಿ ಮರೆತಿರುತ್ತಾರೆ. ಎರಡನೇ ಡ್ರೈವ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶೆಯ ಜಾಗವನ್ನೇ ಅಲ್ಲಿಗೆ ಬದಲಾಯಿಸಬಹುದು.

ಮುಂಚೆ ಎಲ್ಲದರ ಪ್ರತಿಯನ್ನೂ ಲ್ಯಾಪ್‌ಟಾಪಿನಲ್ಲಿ ಇಡುವ ‘ಮಿರರ್’ ಮೋಡ್‌ನಲ್ಲಿದ್ದು ಆಮೇಲೆ ಸ್ಟ್ರೀಮ್‌ಗೆ ಬಂದಿದ್ದರೆ ಹಳೇ ‘ಮೈ ಡ್ರೈವ್’ ಫೋಲ್ಡರ್ ಡಿಸ್ಕಿನಲ್ಲೇ ಉಳಿದಿರಬಹುದು, ಹುಡುಕಿ. ಅದರಲ್ಲಿರುವುದೆಲ್ಲ ವೆಬ್‌ನಲ್ಲೂ ಇದೆ ಅಂತ ಖಾತ್ರಿಯಾದ ಮೇಲೆ ತೆಗೆಯಬಹುದು.

ಒಎಸ್‌ಟಿ ಅಂದರೆ ನಿಮ್ಮ ಮೇಲ್‌ಬಾಕ್ಸಿನ ಸ್ಥಳೀಯ ಪ್ರತಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಡೌನ್‌ಲೋಡ್ ಇಮೇಲ್ ಫಾರ್ ದ ಪಾಸ್ಟ್’ ಅಂತ ಒಂದು ಜಾರುಪಟ್ಟಿ ಇರುತ್ತದೆ. ಅದು ‘ಆಲ್’ನಲ್ಲಿದ್ದರೆ 1 ವರ್ಷಕ್ಕೆ ಇಳಿಸಿ. ಹಳೇ ಮೇಲ್ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ಫೈಲ್ ಕೂಡಲೇ ಸಣ್ಣದಾಗಲಿಲ್ಲ ಅಂತ ಗಾಬರಿ ಬೇಡ, ಅದೇ ಸೆಟ್ಟಿಂಗ್ಸ್‌ನ ಡೇಟಾ ಫೈಲ್ ಭಾಗದಲ್ಲಿ ‘ಕಂಪ್ಯಾಕ್ಟ್ ನೌ’ ಒತ್ತಬೇಕು.

ಟೇಕ್‌ಔಟ್ ಜಿಪ್‌ಗಳನ್ನು ಬಿಚ್ಚಿ ನೋಡಿ ಆಗಿದ್ದರೆ ಜಿಪ್ ಒಂದು, ಬಿಚ್ಚಿದ್ದು ಒಂದು, ಹೀಗೆ ಎರಡೆರಡು ಪ್ರತಿ ಇರುತ್ತದೆ. ಒಂದನ್ನು ಹಾರ್ಡ್ ಡಿಸ್ಕಿಗೆ ಕಳಿಸಿ.

ಧಾರವಾಡ_ಪೇಡೆ

ಆಡಿಟ್ ಅಂದ್ರಿ, ಅದಕ್ಕ ಕೇಳ್ತೀನಿ. ಲೆಕ್ಕದ ತಂತ್ರಾಂಶ ಟ್ಯಾಲಿ ಐತಲ್ಲ, ಅದರ ಡೇಟಾ ಎಲ್ಲಿ ಇಟ್ಟೀರಿ? ಸಿಂಕ್ ಫೋಲ್ಡರ್ ಒಳಗ ಇಟ್ಟೀರೇನು?

ಸಹನಾ_ಲೆಕ್ಕ

ಹೂಂ, ಡ್ರೈವ್‌ನಲ್ಲೇ ಇದೆ. ಸೇಫ್ ಅಂತ.

ಧಾರವಾಡ_ಪೇಡೆ

ಅದನ್ನ ಇವತ್ತ ಹೊರಗ ತರ್ರಿ ಅಕ್ಕಾರ. ಕಂಪನಿ ತಗದು ಎಂಟ್ರಿ ಹಾಕೂ ಮುಂದ ಡೇಟಾ ಫೈಲ್ ಕ್ಷಣಕ್ಷಣಕ್ಕೂ ಬದಲಾಗ್ತಿರ್ತಾವ. ಸಿಂಕ್ ತಂತ್ರಾಂಶ ನಡುವ ಬಂದು ಅರ್ಧಾ ಬರದಿದ್ದನ್ನ ಏರಿಸಾಕ ನೋಡ್ತೈತಿ. ಇಬ್ಬರು ಎರಡು ಕಂಪ್ಯೂಟರ್‌ನ್ಯಾಗ ತಗದ್ರಂತೂ ಮುಗೀತು ಕತಿ. ಡೇಟಾ ಮಾಮೂಲಿ ಫೋಲ್ಡರ್‌ನ್ಯಾಗ ಇರ್ಲಿ, ಸಂಜಿಗೆ ಟ್ಯಾಲಿಯಿಂದನ ಬ್ಯಾಕಪ್ ತಗದು ಆ ಬ್ಯಾಕಪ್ ಫೈಲ್ ಅಷ್ಟ ಡ್ರೈವ್‌ಗೆ ಹಾಕ್ರಿ. ಜಾಗಾನೂ ಉಳೀತೈತಿ, ನಿದ್ದೀನೂ ಬರ್ತೈತಿ.

ತಾಳಮದ್ದಳೆ_ಹೊನ್ನಾವರ

ವರದಿ ಒಪ್ಪಿಸುತ್ತಿದ್ದೇನೆ. 1 ಟಿಬಿ ಹಾರ್ಡ್ ಡಿಸ್ಕ್ ತಂದು 171 ಜಿಬಿಯನ್ನೂ ಕಾಪಿ ಮಾಡಿದೆ, ಬೈಟ್ ತಾಳೆಯಾಯಿತು. ಬಾಕಿ ಇದ್ದ 14 ಜಿಬಿ ಅಪ್‌ಲೋಡ್ ಆಗಲು ರಾತ್ರಿಯಿಡೀ ಬಿಟ್ಟೆ. ನಮ್ಮ ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇರಬಹುದು, ಬೆಳಗ್ಗೆ ಬಾಣಗಳೆಲ್ಲ ಮಾಯ. ವೆಬ್‌ಸೈಟಿನಲ್ಲೂ ತೆರೆದು ನೋಡಿದೆ, ಇವೆ.

ಈಗ ಯಾವುದನ್ನು ಖಾಲಿ ಮಾಡಲಿ, ಯಾವುದನ್ನು ಇಟ್ಟುಕೊಳ್ಳಲಿ ಅನ್ನುವುದೇ ಯೋಚನೆ. ನೆಟ್ ಹೋದಾಗಲೇ ನಮಗೆ ಇದನ್ನೆಲ್ಲ ಕೇಳಲು ಪುರುಸೊತ್ತು ಸಿಗುವುದು. ತಾಳಮದ್ದಳೆ ಹೆಚ್ಚು ನಡೆಯುವುದೂ ಮಳೆಗಾಲದಲ್ಲೇ.

ಕೀಲಿಮಣೆ

ಹಾಗಾದರೆ ನೆಟ್ ಇಲ್ಲದ ವಾರದಲ್ಲಿ ನಿಮಗೆ ಏನು ಬೇಕಾಗುತ್ತದೆ ಅನ್ನುವುದರಿಂದ ಶುರು ಮಾಡಿ. ಪಿಡಿಎಫ್‌ಗಳು ಎಷ್ಟೇ ಇದ್ದರೂ ಗಾತ್ರದಲ್ಲಿ ಚಿಲ್ಲರೆ, ಪೂರ್ತಿ ಇಟ್ಟುಕೊಳ್ಳಿ. ಆಡಿಯೊ ಕೂಡ ಅಷ್ಟೇನೂ ಭಾರ ಅಲ್ಲ. ಜಾಗ ತಿನ್ನುವುದು ವಿಡಿಯೊ. ಈ ವರ್ಷದ್ದು, ಎಡಿಟಿಂಗ್ ಬಾಕಿ ಇರುವುದು ಇಷ್ಟನ್ನು ಇಟ್ಟುಕೊಂಡು ಹಳೇ ವರ್ಷಗಳ ವಿಡಿಯೊ ಫೋಲ್ಡರುಗಳ ಮೇಲೆ ಮಾತ್ರ ‘ಫ್ರೀ ಅಪ್ ಸ್ಪೇಸ್’ ಒತ್ತಿ. ನೆಟ್ ಇಲ್ಲದಾಗ ಹಳೇದು ಕೇಳಬೇಕು ಅನ್ನಿಸಿದರೆ ಹಾರ್ಡ್ ಡಿಸ್ಕ್ ಇದೆಯಲ್ಲ. ಇದಕ್ಕೂ ಮುಂಚೆ ಮೇಲಿನ ಫೋಲ್ಡರಿನ ‘ಆಲ್ವೇಸ್ ಕೀಪ್’ ಟಿಕ್ ತೆಗೆದು, ಬೇಕಾದ ಒಳ ಫೋಲ್ಡರುಗಳಿಗೆ ಮಾತ್ರ ಹಾಕಿ.

ಕುಡ್ಲದ_ಕ್ಯಾಮೆರಾ

ಇನ್ನೊಂದು ಉಂಟು. ಆಫೀಸ್ ಚಂದಾ ನವೀಕರಿಸದೆ ಬಿಟ್ಟರೆ 1 ಟಿಬಿ ಹೋಗಿ ಉಚಿತದ 5 ಜಿಬಿಗೆ ಬರ್ತದೆ. 171 ಜಿಬಿ ಇಟ್ಟವರಿಗೆ ಆಗ ಹೊಸತು ಹಾಕ್ಲಿಕ್ಕೆ ಆಗುವುದಿಲ್ಲ, ಮಿತಿ ಮೀರಿ 6 ತಿಂಗಳಿಗಿಂತ ಹೆಚ್ಚು ಹಾಗೇ ಬಿಟ್ಟರೆ ಅಳಿಸುವ ಹಕ್ಕೂ ಅವರ ನಿಯಮದಲ್ಲಿ ಉಂಟು. ಅದಕ್ಕೇ ನಾನು ಡಿಸ್ಕ್ ಡಿಸ್ಕ್ ಅಂತ ಬಡ್ಕೊಂಡದ್ದು.

ಧಾರವಾಡ_ಪೇಡೆ

ಈ ಸಲ ಅಣ್ಣಾರ ಮಾತು ಖರೇ ಐತಿ.

ತಾಳಮದ್ದಳೆ_ಹೊನ್ನಾವರ

104 ಜಿಬಿ ಖಾಲಿಯಾಯಿತು! ಸಿ ಡ್ರೈವ್‌ನಲ್ಲಿ ಈಗ 110 ಜಿಬಿ ಜಾಗ. ಆದರೆ ಒಂದು ವಿಚಿತ್ರ. ಸಂಜೆ ನೋಡಿದರೆ 101ಕ್ಕೆ ಇಳಿದಿತ್ತು. ಮೋಡದ ಗುರುತಿದ್ದ ಕೆಲವು ವಿಡಿಯೊಗಳಿಗೆ ಮತ್ತೆ ಹಸಿರು ಟಿಕ್ ಬಂದಿದೆ. ನಾನಂತೂ ತೆರೆದಿಲ್ಲ.

ಕೀಲಿಮಣೆ

ನೀವು ತೆರೆದಿಲ್ಲ, ಬೇರೆ ಯಾವುದೋ ತಂತ್ರಾಂಶ ತೆರೆದಿದೆ. ಅದಕ್ಕೂ ಇದಕ್ಕೂ ವಿಂಡೋಸ್ ಭೇದ ಎಣಿಸುವುದಿಲ್ಲ, ಯಾರು ಓದಲು ಹೋದರೂ ಫೈಲ್ ಇಳಿಯುತ್ತದೆ. ಎಡಿಟಿಂಗ್ ತಂತ್ರಾಂಶದಲ್ಲಿ ಹಳೇ ವಿಡಿಯೊ ಫೋಲ್ಡರ್ ಲೈಬ್ರರಿಗೆ ಸೇರಿಸಿದ್ದೀರಾ? ಹಾಗಿದ್ದರೆ ಥಂಬ್‌ನೇಲ್ ಮಾಡಲು ಅದು ಒಂದೊಂದನ್ನೇ ಓದುತ್ತಿರುತ್ತದೆ. ಕೆಲವು ಬ್ಯಾಕಪ್ ತಂತ್ರಾಂಶಗಳದೂ ಇದೇ ಕತೆ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ‘ಆಟೊಮ್ಯಾಟಿಕ್ ಫೈಲ್ ಡೌನ್‌ಲೋಡ್ಸ್’ ಅಂತ ಇದೆ. ಹಾಗೆ ತಾನಾಗಿ ಇಳಿಸಲು ಬಂದ ತಂತ್ರಾಂಶವನ್ನು ನೀವು ತಡೆದಿದ್ದರೆ ಅದರ ಹೆಸರು ಅಲ್ಲಿ ಇರುತ್ತದೆ. ಇಳಿಯುವಾಗ ಬರುವ ಸೂಚನೆಯಲ್ಲೇ ತಡೆಯುವ ಆಯ್ಕೆ ಸಿಗುತ್ತದೆ.

ಎಡಿಟಿಂಗ್ ಕೆಲಸವನ್ನು ಸಿಂಕ್ ಫೋಲ್ಡರಿನೊಳಗೆ ಮಾಡಲೇಬೇಡಿ. ಸಿ ಡ್ರೈವ್‌ನಲ್ಲಿ ಬೇರೆ ಒಂದು ಫೋಲ್ಡರ್ ಮಾಡಿ ಅಲ್ಲೇ ಪ್ರಾಜೆಕ್ಟು, ತಾತ್ಕಾಲಿಕ ಫೈಲು ಇಟ್ಟುಕೊಳ್ಳಿ, ಮುಗಿದ ವಿಡಿಯೊ ಮಾತ್ರ ಒನ್‌ಡ್ರೈವ್‌ಗೆ ಸೇರಿಸಿ. ಇಲ್ಲವಾದರೆ ತಾತ್ಕಾಲಿಕ ಫೈಲುಗಳನ್ನೆಲ್ಲ ಅದು ಶ್ರದ್ಧೆಯಿಂದ ಮೇಲಕ್ಕೆ ಏರಿಸುತ್ತ ಕೂರುತ್ತದೆ, ನಿಮ್ಮ 5 ಎಂಬಿಪಿಎಸ್ ಅದಕ್ಕೇ ಖರ್ಚು.

ಮುಂದಕ್ಕೆ ತಾನಾಗಿ ಖಾಲಿಯಾಗುತ್ತಿರಲಿ ಅಂದರೆ ಸಿಸ್ಟಮ್, ಸ್ಟೋರೇಜ್, ‘ಸ್ಟೋರೇಜ್ ಸೆನ್ಸ್’ಗೆ ಹೋಗಿ. ಒನ್‌ಡ್ರೈವ್ ಹೆಸರಿನ ಕೆಳಗೆ ಇಷ್ಟು ದಿನ ತೆರೆಯದ ಫೈಲನ್ನು ಆನ್‌ಲೈನ್ ಮಾತ್ರ ಮಾಡು ಅಂತ ಹೇಳಬಹುದು: 1, 14, 30 ಅಥವಾ 60 ದಿನ. ಮೂಲದಲ್ಲಿ ‘ನೆವರ್’ ಇರುತ್ತದೆ. 30 ಸಾಕು. ‘ಆಲ್ವೇಸ್ ಕೀಪ್’ ಹಾಕಿದ್ದನ್ನು ಇದು ಮುಟ್ಟುವುದಿಲ್ಲ. ಅದೇ ಪುಟದಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ಆಯ್ಕೆಯೂ ಇದೆ, ಅದನ್ನು ‘ನೆವರ್’ನಲ್ಲೇ ಬಿಡಿ. ಅದು ನಿಜವಾಗಿ ಅಳಿಸುತ್ತದೆ.

ಸಹನಾ_ಲೆಕ್ಕ

ಒಂದು ವೇಳೆ ಯಾರಾದರೂ ಡಿಲೀಟೇ ಮಾಡಿಬಿಟ್ಟಿದ್ರೆ? ನಮ್ಮ ಆಫೀಸಿನ ಹುಡುಗರ ಬಗ್ಗೆ ಭಯ ಇದೆ, ಅದಕ್ಕೆ ಕೇಳ್ತಿದೀನಿ.

ಕೀಲಿಮಣೆ

ವೆಬ್‌ಸೈಟಿಗೆ ಹೋಗಿ ಅಲ್ಲಿನ ರೀಸೈಕಲ್ ಬಿನ್ ನೋಡಬೇಕು. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ವೈಯಕ್ತಿಕ ಒನ್‌ಡ್ರೈವ್‌ನಲ್ಲೂ 30 ದಿನ, ಬಿನ್ ತುಂಬಿ ಹೋದರೆ ಅದಕ್ಕೂ ಮುಂಚೆ ಹೋಗಬಹುದು. ಕಚೇರಿ, ಕಾಲೇಜಿನ ಖಾತೆಗಳಲ್ಲಿ ಸಾಮಾನ್ಯವಾಗಿ 93 ದಿನ. ಮೋಡದ ಗುರುತಿದ್ದ ಫೈಲನ್ನು ಅಳಿಸಿದರೆ ಲ್ಯಾಪ್‌ಟಾಪಿನ ರೀಸೈಕಲ್ ಬಿನ್‌ನಲ್ಲಿ ಅದು ಸಿಗುವುದೇ ಇಲ್ಲ, ಅಲ್ಲಿ ಇಲ್ಲ ಅಂತ ಆಸೆ ಬಿಡಬೇಡಿ.

ತಾಳಮದ್ದಳೆ_ಹೊನ್ನಾವರ

ಎಡಿಟಿಂಗ್ ಲೈಬ್ರರಿಯಿಂದ ಹಳೇ ಫೋಲ್ಡರ್ ತೆಗೆದೆ, ಇಳಿಯುವುದು ನಿಂತಿತು. ಇಳಿದಿದ್ದನ್ನು ಮತ್ತೆ ಖಾಲಿ ಮಾಡಿದೆ. ಹಾಗೆಯೇ ಪಿಕ್ಚರ್ಸ್ ಒಳಗೆ ‘ಕ್ಯಾಮೆರಾ ರೋಲ್’ ಅಂತ 24 ಜಿಬಿ ಸಿಕ್ಕಿತು. ಫೋನಿನ ಫೋಟೊಗಳು, ಲ್ಯಾಪ್‌ಟಾಪಿನಲ್ಲಿ ನಾನು ಯಾವತ್ತೂ ನೋಡಿಲ್ಲ. ಅವೂ ಡಿಸ್ಕಿಗೆ ಕಾಪಿ ಆಗಿದ್ದರಿಂದ ಖಾಲಿ ಮಾಡಿದೆ. ಈಗ 134 ಜಿಬಿ. ವಿಂಡೋಸ್ ಅಪ್‌ಡೇಟ್ ಇಳಿಯುತ್ತಿದೆ.

ಧಾರವಾಡ_ಪೇಡೆ

ಭಾರಿ ಆತು ಸರ. ದೊಡ್ಡ ಅಪ್‌ಡೇಟ್ ಆಗಿದ್ರ ಮುಗದ ಮ್ಯಾಲ ಜಾಗ ಮತ್ತ ಒಂದಿಷ್ಟು ಇಳೀತೈತಿ, ಹೆದರಬ್ಯಾಡ್ರಿ. ‘ವಿಂಡೋಸ್.ಓಲ್ಡ್’ ಅಂತ ಹಳೇದನ್ನ ಕಟ್ಟಿ ಇಟ್ಟಿರ್ತೈತಿ, 10 ದಿನದ ನಂತರ ತಾನ ತಗೀತೈತಿ. ಅದೂ ಒನ್‌ಡ್ರೈವ್ ಕೆಲಸ ಅಂತ ಮತ್ತ ಅಕ್ಕನ ಮಗಗ ಫೋನ್ ಹಚ್ಚಬ್ಯಾಡ್ರಿ.